ಇಡದೆ ಬಿಟ್ಟ ಖಾಲಿ ಪ್ಲೇಟು

ಜನವರಿಯ ಎರಡನೇ ಸೋಮವಾರ, ಬೆಳಿಗ್ಗೆ ಎಂಟರ ಬಸ್ಸು, ಬಬಲೇಶ್ವರದಿಂದ ವಿಜಯಪುರಕ್ಕೆ. ನನ್ನ ತೊಡೆಯ ಮೇಲೆ ಥರ್ಮಾಕೋಲಿನ ಡಬ್ಬಿ, ಅದರೊಳಗೆ ಮಂಜುಗಡ್ಡೆಯ ನಡುವೆ ಏಳು ಪೊಟ್ಟಣ ಮಣ್ಣು. ಐದು ಪೊಟ್ಟಣ ತಿಕೋಟಾದಲ್ಲಿರುವ ನನ್ನ ಸೋದರತ್ತೆಯ ಒಣದ್ರಾಕ್ಷಿ ಶೆಡ್ಡಿನ ಹಿಂದಿನ ಕಸದ ಗುಂಡಿಯವು. ಎರಡು ಬಬಲೇಶ್ವರದ ನಮ್ಮ ಹೊಲದ ತಿಪ್ಪೆಯವು.

ಕಂಡಕ್ಟರ್ ನನ್ನ ಚೀಟಿ ಹರಿದುಕೊಟ್ಟು, ಡಬ್ಬಿಯನ್ನು ಬೆರಳಿನಿಂದ ತಟ್ಟಿದರು.

“ಏನೈತಿ ತಂಗಿ ಇದರಾಗ? ಐಸ್‌ಕ್ರೀಮಾ?”

“ಮಣ್ಣು ರಿ.”

“ಮಣ್ಣಿಗೆ ಐಸಾ?”

“ಅದರಾಗ ಜೀವ ಅದಾವ್ರಿ. ಬೆಚ್ಚಗಿದ್ರ ಹಾದ್ಯಾಗ ಹೆಚ್ಚಾಗಿಬಿಡ್ತಾವು.”

“ಹಂಗಾರ ನಿನಗ ಫ್ರೀ ಐತಿ, ಇವಕ್ಕ ಟಿಕೆಟ್ ತಗೀ. ಎಷ್ಟು ಮಂದಿ ಅದಾರ?”

ಹಿಂದಿನ ಸೀಟಿನ ಹೆಂಗಸು ಬಾಯಿ ಹಾಕಿದಳು. “ಮೊದ್ಲ ಹೆಣ್ಣೋ ಗಂಡೋ ನೋಡ್ರಿ. ಹೆಣ್ಣಿದ್ರ ಅವಕ್ಕೂ ಫ್ರೀ!”

ಬಸ್ಸು ತುಂಬ ನಕ್ಕರು, ನಾನೂ ನಕ್ಕೆ. ಆ ದಿನದ ಪುಟದಲ್ಲಿ ಬರೆದದ್ದು ಇಷ್ಟು: ಪೊಟ್ಟಣ ಏಳು, ಮಂಜುಗಡ್ಡೆ ಎರಡು ಕಿಲೋ, ಪ್ರಯಾಣ ಐವತ್ತು ನಿಮಿಷ, ಲ್ಯಾಬಿನ ಫ್ರಿಜ್ಜಿಗೆ ಇಟ್ಟದ್ದು ಒಂಬತ್ತೂ ಹತ್ತಕ್ಕೆ. ಚಿಕ್ಕಂದಿನಿಂದ ನನಗೆ ಹೀಗೆ ಬರೆದಿಡುವ ಅಭ್ಯಾಸ. ಮನೆಯ ಎಮ್ಮೆ ಯಾವ ದಿನ ಎಷ್ಟು ಹಾಲು ಕೊಟ್ಟಿತು ಎಂಬುದನ್ನು ಎಂಟನೇ ಇಯತ್ತೆಯಿಂದ ಬರೆದುಕೊಂಡು ಬಂದಿದ್ದೇನೆ. ಎಂ.ಎಸ್ಸಿ.ಯ ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟಿಗೆ ನೀಲಿ ರಟ್ಟಿನ ಬೇರೆಯೇ ನೋಟುಬುಕ್ಕು ತೆಗೆದಿದ್ದೆ.

ನಾನು ಹುಡುಕಬೇಕಾದದ್ದು ಪ್ಲಾಸ್ಟಿಕ್. ಅಂಗಡಿಯ ಚೀಲದ ಪ್ಲಾಸ್ಟಿಕ್ ಅಲ್ಲ, ಬ್ಯಾಕ್ಟೀರಿಯಾ ತಮ್ಮ ಹೊಟ್ಟೆಯೊಳಗೆ ತಾವೇ ಮಾಡಿಕೊಳ್ಳುವಂಥದ್ದು. ಸಕ್ಕರೆ ಧಾರಾಳವಾಗಿದ್ದು ಬೇರೆ ಪೋಷಣೆ ಕಡಿಮೆಯಾದಾಗ ಕೆಲವು ಬ್ಯಾಕ್ಟೀರಿಯಾ ಬೆಳೆಯುವುದನ್ನು ನಿಲ್ಲಿಸಿ ಕೂಡಿಡಲು ತೊಡಗುತ್ತವೆ. ನಮ್ಮ ಹಿರಿಯರು ಸುಗ್ಗಿಯ ಜೋಳವನ್ನು ನೆಲದಡಿಯ ಹಗೇವಿಗೆ ತುಂಬಿ ಮುಚ್ಚುತ್ತಿದ್ದ ಹಾಗೆ. ಆ ಕೂಡಿಟ್ಟ ಕಾಳನ್ನು ಹೊರತೆಗೆದು ಒಣಗಿಸಿದರೆ ಹಾಳೆಯಂಥ ಪ್ಲಾಸ್ಟಿಕ್. ಮಣ್ಣಿಗೆ ಬಿದ್ದರೆ ಬೇರೆ ಬ್ಯಾಕ್ಟೀರಿಯಾ ಅದನ್ನು ತಿಂದು ಮುಗಿಸುತ್ತವೆ. ತಿಕೋಟಾದಲ್ಲಿ ಪ್ರತಿ ಬೇಸಿಗೆ ಗುಂಡಿಗೆ ಬೀಳುವ ದ್ರಾಕ್ಷಿಯ ಕಸದಲ್ಲಿ ಸಕ್ಕರೆ ಬೇಕಾದಷ್ಟಿದೆ. ಆ ಕಸವನ್ನೇ ಉಣಿಸಿದರೆ ಅಲ್ಲಿಯ ಮಣ್ಣಿನ ಬ್ಯಾಕ್ಟೀರಿಯಾ ಪ್ಲಾಸ್ಟಿಕ್ ಮಾಡುತ್ತವೆಯೇ, ಮಾಡಿದರೆ ಎಷ್ಟು? ಇದು ನನ್ನ ಪ್ರಶ್ನೆ.

ಗೈಡ್ ಆಗಿದ್ದ ಮೇಡಂ ಮೊದಲ ದಿನವೇ ಹೇಳಿದ್ದರು. “ಐತಿ ಅನ್ನೂದು ಸುಲಭ. ಎಷ್ಟೈತಿ ಅಂತ ಹೇಳು. ಏಪ್ರಿಲ್ ಕೊನೇ ಶುಕ್ರವಾರದೊಳಗ ನನ್ನ ಟೇಬಲ್ ಮ್ಯಾಲ ಒಂದು ಖರೇ ಅಂಕಿ ಇರಬೇಕು. ಇಲ್ಲಾಂದ್ರ ಲೈಬ್ರರಿ ಪ್ರಾಜೆಕ್ಟ್.”

ಲೈಬ್ರರಿ ಪ್ರಾಜೆಕ್ಟ್ ಎಂದರೆ ಬೇರೆಯವರು ಮಾಡಿದ್ದನ್ನು ಓದಿ ನಲವತ್ತು ಪುಟ ಬರೆದು ಕೊಡುವುದು. ಅದರಲ್ಲೂ ಪಾಸಾಗಬಹುದು. ಆದರೆ ಎರಡು ವರ್ಷ ದಿನಾ ಬಸ್ಸಿನಲ್ಲಿ ಓಡಾಡಿದವಳಿಗೆ ನಾನೇ ಅಳೆದ ಒಂದು ಅಂಕಿಯೂ ಇಲ್ಲದೆ ಹೊರಬೀಳುವುದು ಬೇಡವಾಗಿತ್ತು.

ಜನವರಿ ಮುಗಿಯುವ ಹೊತ್ತಿಗೆ ಏಳು ಪೊಟ್ಟಣದ ಮಣ್ಣಿನಿಂದ ಇಪ್ಪತ್ನಾಲ್ಕು ಬಗೆಯ ಬ್ಯಾಕ್ಟೀರಿಯಾ ಬಿಡಿಸಿದ್ದೆ. ಒಂದೊಂದಕ್ಕೂ ಒಂದು ನಂಬರು. ಅತ್ತೆ ಕಳಿಸಿದ್ದ ಹೋದ ವರ್ಷದ ಮಣೂಕದ, ಅಂದರೆ ಒಣದ್ರಾಕ್ಷಿಯ, ಕಸವನ್ನು ನೀರಿನಲ್ಲಿ ಕುದಿಸಿ, ಸೋಸಿ, ಆ ಕಂದು ನೀರನ್ನು ಬ್ಯಾಕ್ಟೀರಿಯಾ ಬೆಳೆಸುವ ಅಗರ್ ಲೋಳೆಗೆ ಬೆರೆಸಿ ಪ್ಲೇಟು ಹಾಕಿದೆವು. ಹಾಕಿದೆವು ಎಂದರೆ ನಾನು ಮತ್ತು ಲ್ಯಾಬ್ ಅಟೆಂಡರ್ ಕಾಕಾ. ಅವರು ಆ ಲ್ಯಾಬಿಗೆ ಸೇರಿದಾಗ ನಾನು ಇನ್ನೂ ಹುಟ್ಟಿರಲಿಲ್ಲ.

ಅವತ್ತಿನ ಅಗರ್ ಇಪ್ಪತ್ನಾಲ್ಕೇ ಪ್ಲೇಟಿಗೆ ಸಾಕಾಯಿತು. ಮೇಡಂ ಅವರ ನಿಯಮದ ಪ್ರಕಾರ ಪ್ರತಿ ಸಲ ಒಂದು ಪ್ಲೇಟು ಖಾಲಿ ಇರಬೇಕು. ಅದಕ್ಕೆ ಯಾವ ಬ್ಯಾಕ್ಟೀರಿಯಾವನ್ನೂ ಹಚ್ಚುವಂತಿಲ್ಲ.

“ಒಂದು ಖಾಲಿ ಬಿಡು,” ಕಾಕಾ ಹೇಳಿದರು.

“ಬಿಟ್ರ ಇಪ್ಪತ್ನಾಲ್ಕನೇದ್ದು ಉಳಿದುಬಿಡ್ತೈತಿ ಕಾಕಾ. ಮತ್ತೊಮ್ಮೆ ಅಗರ್ ಕುದಿಸಬೇಕು.”

“ನಿನ್ನ ಬರಹ ನೀ ಬಲ್ಲಿ. ನಾ ಬರೇ ತೊಳಿಯಾಂವ.”

ಇಪ್ಪತ್ನಾಲ್ಕಕ್ಕೂ ಹಚ್ಚಿದೆ. ನೋಟುಬುಕ್ಕಿನ ಪಟ್ಟಿಯಲ್ಲಿ ಖಾಲಿ ಪ್ಲೇಟಿನ ಸಾಲಿಗೆ ಅಡ್ಡಗೆರೆ ಎಳೆದೆ. ಸಾಲು ತುಂಬಿದ್ದು ನೋಡಲು ಚೆನ್ನಾಗಿತ್ತು.

ಫೆಬ್ರುವರಿಯ ಮೊದಲ ಗುರುವಾರ ಬಣ್ಣ ಹಾಕುವ ದಿನ. ಸುಡಾನ್ ಬ್ಲ್ಯಾಕ್ ಎಂಬ ಬಣ್ಣವನ್ನು ಪ್ಲೇಟಿನ ಮೇಲೆ ಹುಯ್ದು ಅರ್ಧ ಗಂಟೆ ಬಿಟ್ಟು, ಆಲ್ಕೋಹಾಲಿನಲ್ಲಿ ತೊಳೆಯಬೇಕು. ಪ್ಲಾಸ್ಟಿಕ್ ಕೂಡಿಟ್ಟ ಬ್ಯಾಕ್ಟೀರಿಯಾದ ಗುಂಪು ನೀಲಿಗಪ್ಪಾಗಿ ಉಳಿಯುತ್ತದೆ, ಕೂಡಿಡದ್ದು ಬಣ್ಣ ಬಿಟ್ಟುಕೊಡುತ್ತದೆ. ಮೊದಲ ಪ್ಲೇಟು ಕಪ್ಪು, ಎರಡನೆಯದು ಕಪ್ಪು. ಇಪ್ಪತ್ನಾಲ್ಕಕ್ಕೆ ಇಪ್ಪತ್ನಾಲ್ಕೂ ಕಪ್ಪು. ಕೆಲವು ಪ್ಲೇಟಿನಲ್ಲಿ ಸುತ್ತಲಿನ ಅಗರೂ ಬೂದಿಬಣ್ಣಕ್ಕೆ ತಿರುಗಿತ್ತು. ಅದರ ಪಕ್ಕದಲ್ಲಿ “ತೊಳೆದದ್ದು ಸಾಲದು” ಎಂದು ಬರೆದೆ. ಅದೇ ಮಾತನ್ನು ಹನ್ನೊಂದು ಸಲ ಬರೆದಿದ್ದೇನೆ. ಈಗ ಎಣಿಸಿ ನೋಡಿದೆ.

ಮೇಡಂ ಆ ವಾರ ರಜೆಯಲ್ಲಿದ್ದರು. ಅವರು ಬರುವವರೆಗೆ ತಡೆಯಲಾಗಲಿಲ್ಲ. ಸಂಜೆ ಬಸ್‌ಸ್ಟ್ಯಾಂಡಿನಿಂದಲೇ ಅತ್ತೆಗೆ ಫೋನು ಮಾಡಿದೆ.

“ಅತ್ತಿ, ನಿಮ್ಮ ಗುಂಡಿ ಮಣ್ಣಾಗಿನ ಎಲ್ಲಾ ಬ್ಯಾಕ್ಟೀರಿಯಾ ಪ್ಲಾಸ್ಟಿಕ್ ಮಾಡಾಕತ್ತಾವು. ಎಲ್ಲಾನೂ!”

“ಖರೇನ ಬೇ? ನನ್ನ ಮಣೂಕದ ಕಸಾ ತಿಂದಾ?”

“ನಿಮ್ಮ ಕಸಾನ ತಿಂದು.”

ಅತ್ತೆ ಅದನ್ನು ಯಾರಿಗೆ ಹೇಳಬೇಕೋ ಅವರಿಗೆಲ್ಲ ಹೇಳಿದಳು. ಭಾನುವಾರ ನನ್ನ ತಾಯಿಗೆ ಬಂದ ಫೋನಿನಲ್ಲಿ ನಾನು ಪ್ಲಾಸ್ಟಿಕ್ ಫ್ಯಾಕ್ಟರಿ ಹಾಕುವವಳಿದ್ದೆ.

ಮೇಡಂ ಸೋಮವಾರ ಬಂದರು. ನನ್ನ ಪಟ್ಟಿಯನ್ನು ಮೇಲಿನಿಂದ ಕೆಳಗೆ ಒಂದು ಸಲ, ಕೆಳಗಿನಿಂದ ಮೇಲೆ ಒಂದು ಸಲ ನೋಡಿದರು. ಮುಖದಲ್ಲಿ ಖುಷಿ ಕಾಣಲಿಲ್ಲ.

“ಕ್ಲಾಸಿನಾಗ ಎಲ್ಲಾರಿಗೂ ನೂರಕ್ಕ ನೂರು ಬಂದ್ರ ಏನ್ ತಿಳೀಬೇಕು?”

“ಹುಡುಗರು ಶಾಣ್ಯಾ ಅದಾರ ಅಂತ್ರಿ.”

“ಇಲ್ಲಾ ಪ್ರಶ್ನೆಪತ್ರಿಕೆ ಸರಿ ಇಲ್ಲ ಅಂತ. ಖಾಲಿ ಪ್ಲೇಟ್ ಎಲ್ಲಿ?”

ನಾನು ಅಡ್ಡಗೆರೆಯ ಮೇಲೆ ಬೆರಳಿಟ್ಟೆ. ಕಾಕಾ ಸಿಂಕಿನ ಹತ್ತಿರ ಜಾಡಿ ತೊಳೆಯುತ್ತಿದ್ದವರು ನಲ್ಲಿಯ ನೀರನ್ನು ಇನ್ನಷ್ಟು ಜೋರಾಗಿ ಬಿಟ್ಟರು. ನನ್ನ ಮರ್ಯಾದೆ ಕಾಪಾಡಲು ಇರಬೇಕು.

ಎರಡು ದಿನದ ನಂತರ ಮೂರು ಖಾಲಿ ಪ್ಲೇಟಿಗೆ ಬಣ್ಣ ಹಾಕಿದೆವು. ಏನೂ ಬೆಳೆಯದ, ಬರೀ ದ್ರಾಕ್ಷಿ ನೀರಿನ ಅಗರು. ತೊಳೆದ ಮೇಲೆ ಮೂರರ ಮೇಲೂ ಕಪ್ಪು ಚುಕ್ಕೆ, ನಡುವೆ ಬೂದಿಬಣ್ಣದ ಪರೆ. ಹತ್ತನೇ ನಂಬರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕಪ್ಪು ಹನಿಗಳು ಬ್ಯಾಕ್ಟೀರಿಯಾದ ಒಳಗಿರದೆ ಹೊರಗೆ ತೇಲುತ್ತಿದ್ದವು.

“ಸುಡಾನ್ ಬ್ಲ್ಯಾಕ್ ಪ್ಲಾಸ್ಟಿಕ್ಕಿಗಷ್ಟ ಹಿಡಿಯೂದಿಲ್ಲ. ಕೊಬ್ಬು, ಎಣ್ಣಿ, ಜಿಡ್ಡು ಏನಿದ್ರೂ ಹಿಡೀತೈತಿ,” ಎಂದರು ಮೇಡಂ. “ನಿನ್ನ ಅಗರಿನಾಗ ಜಿಡ್ಡು ಎಲ್ಲಿಂದ ಬಂತು? ಅದನ್ನ ಹುಡುಕು. ಏಪ್ರಿಲ್ ಶುಕ್ರವಾರ ಮಾತ್ರ ಮುಂದಕ್ಕ ಹೋಗೂದಿಲ್ಲ.”

ಹನ್ನೆರಡು ದಿನ ಹುಡುಕಿದೆ. ಪಾತ್ರೆಗಳನ್ನು ಆಲ್ಕೋಹಾಲಿನಿಂದ ಒರೆಸಿದೆ, ಬೇರೆ ಬಾಟಲಿಯ ಅಗರ್ ತಂದೆ, ಸೋಸುವ ಬಟ್ಟೆ ಬದಲಿಸಿದೆ. ಕಾಕಾನ ಕೈಯ ಕೊಬ್ಬರಿ ಎಣ್ಣೆಯ ಮೇಲೂ ಸಂಶಯ ಬಂತು. “ನಂದು ತಲೀಗಷ್ಟ, ಅದೂ ಈಗ ಎಲ್ಲೈತಿ?” ಎಂದು ಅವರು ಬೋಳುತಲೆ ಬಗ್ಗಿಸಿ ತೋರಿಸಿದರು. ಪ್ರತಿ ಸಲವೂ ಖಾಲಿ ಪ್ಲೇಟು ಕಪ್ಪಾಗಿಯೇ ಬಂತು. ಫೆಬ್ರುವರಿಯ ಪುಟಗಳಲ್ಲಿ ಒಂಬತ್ತು ಬಾರಿ “ಮತ್ತೆ ಕಪ್ಪು” ಎಂದಿದೆ.

ಮಾರ್ಚ್ ಮೊದಲ ಭಾನುವಾರ ತಿಕೋಟಾಕ್ಕೆ ಹೋದದ್ದು ಹುಡುಕಲು ಅಲ್ಲ, ತಪ್ಪೊಪ್ಪಿಕೊಳ್ಳಲು. ನಾನು ಹೇಳಿದ್ದು ಸುಳ್ಳಾಯಿತು, ಇನ್ನು ಯಾರಿಗೂ ಹೇಳಬೇಡ ಎಂದು ಅತ್ತೆಗೆ ಎದುರಿಗೇ ಹೇಳಬೇಕಿತ್ತು. ಶೆಡ್ಡಿನಲ್ಲಿ ಅದು ಭರಾಟೆಯ ದಿನ. ತೋಟದಿಂದ ಬಂದ ಗೊನೆಗಳನ್ನು ಜಾಳಿಗೆಯ ಬುಟ್ಟಿಯಲ್ಲಿ ಹಾಕಿ, ದೊಡ್ಡ ಟಬ್ಬಿನ ಬೆಳ್ಳಗಿನ ನೀರಿನಲ್ಲಿ ಅದ್ದಿ, ಸೋರಲು ಬಿಟ್ಟು, ಆಮೇಲೆ ಸಾಲು ಸಾಲು ಬಲೆಗಳ ಮೇಲೆ ಹರಡುತ್ತಿದ್ದರು. ಅತ್ತೆ ಟಬ್ಬಿನ ಬಳಿ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ನಿಂತಿದ್ದಳು.

“ಬಂದೇನ್ ಪ್ಲಾಸ್ಟಿಕ್ ರಾಣಿ! ಸುಮ್ನ ನಿಂದ್ರಬ್ಯಾಡ, ಆ ಕ್ಯಾನ್ ಇತ್ತ ಕೊಡು.”

ಕ್ಯಾನು ಕೊಟ್ಟೆ. ಅವಳು ಅಳತೆಯ ಲೋಟದಲ್ಲಿ ಸುರಿದುಕೊಂಡು ಟಬ್ಬಿಗೆ ಹಾಕಿ ಕೋಲಿನಿಂದ ತಿರುವಿದಳು. ನನ್ನ ಬೆರಳು ಜಿಡ್ಡಾಗಿತ್ತು. ಒರೆಸಿಕೊಳ್ಳಲು ಓಢಣಿ ಎತ್ತಿದವಳು ಹಾಗೇ ನಿಂತುಬಿಟ್ಟೆ.

ಡಿಪ್ಪಿಂಗ್ ಎಣ್ಣೆ. ದ್ರಾಕ್ಷಿ ಬೇಗ ಒಣಗಲಿ ಎಂದು ಪ್ರತಿ ಗೊನೆಯನ್ನೂ ಎಣ್ಣೆ ಮತ್ತು ಕಾರ್ಬೋನೇಟ್ ಪುಡಿ ಬೆರೆಸಿದ ನೀರಿನಲ್ಲಿ ಅದ್ದುತ್ತಾರೆ. ಇದು ನನಗೆ ಗೊತ್ತಿರಲಿಲ್ಲವೇ? ನಾಲ್ಕನೇ ಇಯತ್ತೆಯ ಸೂಟಿಯಿಂದ ಪ್ರತಿ ಬೇಸಿಗೆ ಇದೇ ಟಬ್ಬಿನಲ್ಲಿ ನಾನೇ ಬುಟ್ಟಿ ಅದ್ದಿದ್ದೇನೆ. ಅಂಗೈ ಮೆತ್ತಗಾಗುತ್ತದೆ ಎಂದು ನಾವು ಹುಡುಗಿಯರು ಆ ನೀರಿನಲ್ಲಿ ಕೈಯಾಡಿಸಿ ಬೈಸಿಕೊಳ್ಳುತ್ತಿದ್ದೆವು. ನೋಟುಬುಕ್ಕಿನಲ್ಲಿ ಕಸದ ತೂಕ ಬರೆದಿದ್ದೆ, ನೀರಿನ ಅಳತೆ, ಕುದಿಸಿದ ನಿಮಿಷ, ಸೋಸಿದ ಬಟ್ಟೆಯ ಮಡಿಕೆ ಸಹ ಬರೆದಿದ್ದೆ. ಎಣ್ಣೆಯನ್ನು ಬರೆದಿರಲಿಲ್ಲ. ಅದು ನನಗೆ ಗಾಳಿ ಬಿಸಿಲಿನಷ್ಟು ರೂಢಿಯಾಗಿತ್ತು. ಬೇರೆ ಊರಿನ ಹುಡುಗಿಯಾಗಿದ್ದರೆ ಮೊದಲ ದಿನವೇ “ಇದನ್ನು ಹೇಗೆ ಒಣಗಿಸುತ್ತೀರಿ?” ಎಂದು ಕೇಳುತ್ತಿದ್ದಳು.

ಅಲ್ಲೇ ನಿಂತು ಅತ್ತೆಗೆ ಎಲ್ಲ ಹೇಳಿದೆ. ನನ್ನ ಬ್ಯಾಕ್ಟೀರಿಯಾದ ಮೇಲೆ ಕಂಡ ಕಪ್ಪು ಅವಳ ಎಣ್ಣೆಯದು, ಪ್ಲಾಸ್ಟಿಕ್ ಇದೆಯೋ ಇಲ್ಲವೋ ಈಗ ನನಗೇ ಗೊತ್ತಿಲ್ಲ, ಉಳಿದಿರುವುದು ಎಂಟು ವಾರ.

ಅತ್ತೆ ಕೋಲು ನಿಲ್ಲಿಸಿದಳು. “ನಾ ಇಡೀ ಓಣಿಗೆ ಹೇಳೀನಿ ಬೇ!”

“ಅದಕ್ಕ ಬಂದೀನಿ ಅತ್ತಿ.”

“ಮೂಗು ಕೊಯ್ದಿ ನನ್ನ.” ಸ್ವಲ್ಪ ಹೊತ್ತು ತಿರುವಿದಳು. “ನಿನಗ ಎಣ್ಣಿ ಇಲ್ಲದ ಕಸಾ ಬೇಕು, ಹೌದಿಲ್ಲೋ?”

“ಹೌದು. ಆದ್ರ ಎಲ್ಲಾನೂ ಅದ್ದಿದ್ದ ಐತೆಲ್ಲ.”

“ಎಲ್ಲಾನೂ ಹೆಂಗ ಅದ್ದತೇವಿ? ಕಣ್ಣು ಎಲ್ಲಿಟ್ಟಿ? ಆ ಕಡೆ ನೋಡು.”

ಟಬ್ಬಿನ ಆಚೆ ನೆರಳಿನಲ್ಲಿ ನಾಲ್ವರು ಹೆಂಗಸರು ಕತ್ತರಿ ಹಿಡಿದು ಕೂತಿದ್ದರು. ಅದ್ದುವ ಮೊದಲು ಪ್ರತಿ ಗೊನೆಯಿಂದ ಒಡೆದ, ಕೊಳೆತ, ಹಕ್ಕಿ ಕುಕ್ಕಿದ ಕಾಳನ್ನು ಅವರು ಕತ್ತರಿಸಿ ತೆಗೆಯುತ್ತಾರೆ. ಅವರ ನಡುವೆ ಇಟ್ಟ ಬುಟ್ಟಿ ಅರ್ಧ ತುಂಬಿತ್ತು. ಅದು ಎಣ್ಣೆಯ ಮುಖ ನೋಡದ ಕಸ. ಅತ್ತೆ ಅದನ್ನು ದಿನಾ ಎಮ್ಮೆಯ ಮುಂದೆ ಸುರಿಯುತ್ತಿದ್ದಳು. ಎಮ್ಮೆ ಬಿಟ್ಟದ್ದು ಅದೇ ಗುಂಡಿಗೆ.

ಸಂಜೆಯ ಬಸ್ಸಿಗೆ ನಾಲ್ಕು ಕಿಲೋ ಒಡಕು ಕಾಳಿನೊಂದಿಗೆ ಹತ್ತಿದೆ. ಬಸ್ಸು ವಿಜಯಪುರ ಸೇರುವಷ್ಟರಲ್ಲಿ ನನ್ನ ಚೀಲದಿಂದ ರಸ ಸೋರಿ ಚಪ್ಪಲಿ ಅಂಟಿಕೊಂಡಿತ್ತು. ಅಲ್ಲಿಂದ ಬಸ್ಸು ಬದಲಿಸಿ ಬಬಲೇಶ್ವರಕ್ಕೆ ಹೋದಾಗ ತಾಯಿ ಬಾಗಿಲಲ್ಲೇ ನಿಲ್ಲಿಸಿ ಕಾಲಿಗೆ ನೀರು ಹುಯ್ದಳು.

ಬುಧವಾರ ಹೊಸ ಪ್ಲೇಟು ಹಾಕಿದೆವು. ಈ ಸಲ ಮೂರು ಖಾಲಿ ಪ್ಲೇಟು ಮೊದಲೇ ಎತ್ತಿಟ್ಟೆ. ಕಾಕಾ ಅವುಗಳ ಮುಚ್ಚಳದ ಮೇಲೆ ಗೋಡೆಗೆ ಸುಣ್ಣದಲ್ಲಿ ಬರೆದಷ್ಟು ದಪ್ಪ ಅಕ್ಷರದಲ್ಲಿ “ಮುಟ್ಟಬೇಡಿ” ಎಂದು ಬರೆದರು. ಬಣ್ಣ ಹಾಕಿ ತೊಳೆದ ಮೇಲೆ ಮೂರೂ ತಿಳಿಯಾಗಿದ್ದವು. ನೀರಿನ ಹಾಗೆ. ನಾನು ಅವನ್ನು ಕಿಟಕಿಗೆ ಹಿಡಿದು ಎಷ್ಟು ಹೊತ್ತು ನೋಡಿದೆನೋ, ಕಾಕಾ “ಅದರಾಗ ನಿನ್ನ ಮಾರಿ ಕಾಣತೈತೇನ?” ಎಂದು ಕೇಳಿದರು.

ಇಪ್ಪತ್ನಾಲ್ಕರಲ್ಲಿ ಹದಿನೆಂಟು ಬಣ್ಣ ಬಿಟ್ಟುಕೊಟ್ಟವು. ಉಳಿದದ್ದು ಆರು. ಆ ಆರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಮೂರರಲ್ಲಿ ಮಾತ್ರ ಗುಲಾಬಿ ಬಣ್ಣದ ಕಡ್ಡಿಯಂಥ ದೇಹದ ಒಳಗೆ ಕರಿ ಕಾಳು ಸ್ಪಷ್ಟವಾಗಿ ಕಂಡಿತು, ಅವರೆಕಾಯಿಯೊಳಗಿನ ಕಾಳಿನ ಹಾಗೆ. ಮೂರೂ ತಿಕೋಟಾದ ಗುಂಡಿಯವು. ನಮ್ಮ ಬಬಲೇಶ್ವರದ ತಿಪ್ಪೆಯದು ಒಂದೂ ಇಲ್ಲ. ಊರಿನ ಅಭಿಮಾನಕ್ಕೆ ಸ್ವಲ್ಪ ಪೆಟ್ಟಾಯಿತು.

ಮೂರರಲ್ಲಿ ಹದಿನೇಳನೇ ನಂಬರಿನದರಲ್ಲಿ ಕಾಳು ಹೆಚ್ಚು. ಏಪ್ರಿಲ್ ಪೂರ್ತಿ ಅದರದ್ದೇ. ದ್ರಾಕ್ಷಿ ರಸದ ನೀರಿನಲ್ಲಿ ಅದನ್ನು ಮೂರು ದಿನ ಬೆಳೆಸಿ, ತಳಕ್ಕಿಳಿಸಿ, ಒಣಗಿಸಿ, ತೂಗಿ, ಬ್ಲೀಚಿಂಗ್ ದ್ರಾವಣದಲ್ಲಿ ಇಡಬೇಕು. ಬ್ಯಾಕ್ಟೀರಿಯಾದ ದೇಹ ಕರಗುತ್ತದೆ, ಪ್ಲಾಸ್ಟಿಕ್ ಕರಗುವುದಿಲ್ಲ. ಆಮೇಲೆ ನೀರು, ಅಸಿಟೋನು, ಆಲ್ಕೋಹಾಲಿನಿಂದ ತೊಳೆದು, ಬಿಸಿ ಕ್ಲೋರೋಫಾರ್ಮಿನಲ್ಲಿ ಪ್ಲಾಸ್ಟಿಕ್ಕನ್ನು ಕರಗಿಸಿ, ಸೋಸಿ, ಗಾಜಿನ ಬಟ್ಟಲಿನಲ್ಲಿ ಆರಲು ಬಿಡಬೇಕು. ಮೊದಲ ಸಲ ಬ್ಲೀಚಿನಲ್ಲಿ ಹೆಚ್ಚು ಹೊತ್ತು ಬಿಟ್ಟು ಎಲ್ಲ ಹಾಳಾಯಿತು. ಎರಡನೇ ಸಲ ಸೋಸುವಾಗ ಕಾಗದ ಹರಿಯಿತು. ಮೂರನೇ ಸಲ, ಕೊನೆಯ ಶುಕ್ರವಾರಕ್ಕೆ ನಾಲ್ಕು ದಿನ ಇರುವಾಗ, ಬಟ್ಟಲಿನ ತಳದಲ್ಲಿ ಹಾಲಿನ ಕೆನೆಯಂಥ ತೆಳ್ಳಗಿನ ಬಿಳಿ ಪದರ ಉಳಿಯಿತು.

ಒಣಗಿಸಿದ ಬ್ಯಾಕ್ಟೀರಿಯಾ ನಾನೂರ ಇಪ್ಪತ್ತು ಮಿಲಿಗ್ರಾಂ. ಪದರ ನೂರ ಹತ್ತು ಮಿಲಿಗ್ರಾಂ.

ಮೇಡಂಗೆ ತೋರಿಸಿದೆ. ಅವರು ಬಟ್ಟಲನ್ನು ಓರೆ ಮಾಡಿ ನೋಡಿ, “ಚಂದ ಐತಿ. ಇದು ಪ್ಲಾಸ್ಟಿಕ್ ಅಂತ ಹೆಂಗ ಹೇಳ್ತಿ?” ಎಂದರು. “ಕ್ಲೋರೋಫಾರ್ಮಿನಾಗ ಎಣ್ಣಿನೂ ಕರಗತೈತಿ. ತೂಕಕ್ಕ ತಾ ಏನಂತ ಗೊತ್ತಿರೂದಿಲ್ಲ.”

ಆ ಮಾತು ನನಗೆ ಮೊದಲೇ ಹೊಳೆಯಬೇಕಿತ್ತು. ಒಮ್ಮೆ ಸುಟ್ಟುಕೊಂಡವಳು ನಾನು. ಉಳಿದದ್ದು ಒಂದೇ ಪರೀಕ್ಷೆ. ಪದರದ ಒಂದು ಚೂರನ್ನು ತೂಗಿ, ಗಂಧಕಾಮ್ಲದಲ್ಲಿ ಹತ್ತು ನಿಮಿಷ ಕುದಿಯುವ ನೀರಿನ ಮೇಲಿಟ್ಟರೆ ಈ ಪ್ಲಾಸ್ಟಿಕ್ ಮಾತ್ರ ಕ್ರೋಟಾನಿಕ್ ಆಮ್ಲವಾಗಿ ಮುರಿಯುತ್ತದೆ. ಅದು ನಮ್ಮ ಕಣ್ಣಿಗೆ ಕಾಣದ ಒಂದು ಬೆಳಕನ್ನು ಹೀರುತ್ತದೆ. ಬೆಳಕು ಅಳೆಯುವ ಯಂತ್ರದ ಪರದೆಯಲ್ಲಿ ಇನ್ನೂರ ಮೂವತ್ತೈದು ಎಂಬ ಗುರುತಿನ ಮೇಲೆ ಗೆರೆ ಗುಡ್ಡದಂತೆ ಏಳುತ್ತದೆ. ಎಷ್ಟು ಹೀರಿತು ಎಂಬುದರಿಂದ ಎಷ್ಟಿದೆ ಎಂದು ಲೆಕ್ಕ. ಹೋಲಿಸಿ ನೋಡಲು ಶುದ್ಧ ಪ್ಲಾಸ್ಟಿಕ್ಕಿನ ಪುಟ್ಟ ಶೀಶೆಯೊಂದು ಮೇಡಂ ಅವರ ಕಪಾಟಿನಲ್ಲಿ ಬೀಗದೊಳಗಿತ್ತು. ಅದನ್ನು ಅವರು ತಮ್ಮ ಕೈಯಿಂದಲೇ ತೆಗೆದುಕೊಟ್ಟರು.

ಬುಧವಾರ ಮಧ್ಯಾಹ್ನ ಮೂರಕ್ಕೆ ಯಂತ್ರದ ಮುಂದೆ ಕೂತೆವು. ಮೊದಲು ಬರೀ ಆಮ್ಲ. ಗೆರೆ ಚಪ್ಪಟೆ. ಆಮೇಲೆ ಶುದ್ಧ ಶೀಶೆಯದು, ಐದು ಅಳತೆಯಲ್ಲಿ. ಐದೂ ಗುಡ್ಡ, ಒಂದಕ್ಕಿಂತ ಒಂದು ಎತ್ತರ. ಆಮೇಲೆ ಡಿಪ್ಪಿಂಗ್ ಎಣ್ಣೆ ಒಂದು ಹನಿ. ಅದನ್ನು ನಾನೇ ತಿಕೋಟಾದಿಂದ ಔಷಧದ ಸಣ್ಣ ಬಾಟಲಿಯಲ್ಲಿ ತಂದಿದ್ದೆ. ಅಲ್ಲಿ ಗುಡ್ಡ ಏಳಲಿಲ್ಲ, ಗೆರೆ ಸುಮ್ಮನೆ ಇಳಿಜಾರಾಗಿ ಹೋಯಿತು. ಕೊನೆಗೆ ಹದಿನೇಳು.

ಗೆರೆ ಏರತೊಡಗಿದಾಗ ನಾನು ಪರದೆ ನೋಡಲಿಲ್ಲ, ಮೇಡಂ ಅವರ ಮುಖ ನೋಡುತ್ತಿದ್ದೆ. ಅವರು ಕನ್ನಡಕ ಮೇಲಕ್ಕೆ ಸರಿಸಿದರು.

“ಇನ್ನೊಮ್ಮೆ ಮಾಡು.”

ಮಾಡಿದೆ.

“ಮತ್ತೊಮ್ಮೆ.”

ಮೂರು ಸಲವೂ ಗುಡ್ಡ ಇನ್ನೂರ ಮೂವತ್ತೈದರಲ್ಲೇ ಎದ್ದಿತು, ಶುದ್ಧ ಶೀಶೆಯದರ ನೆರಳಿನಂತೆ. ಮೂರರ ಸರಾಸರಿ ಹಿಡಿದು ಇಡೀ ಪದರಕ್ಕೆ ಲೆಕ್ಕ ಹಾಕಿದರೆ ತೊಂಬತ್ತೆಂಟು ಮಿಲಿಗ್ರಾಂ. ತೂಕ ಹೇಳಿದ ನೂರ ಹತ್ತರಲ್ಲಿ ಹನ್ನೆರಡು ಬೇರೆ ಏನೋ. ನಾನು ತೊಂಬತ್ತೆಂಟನ್ನೇ ಬರೆದೆ. ನೂರು ಗ್ರಾಂ ಒಣ ಬ್ಯಾಕ್ಟೀರಿಯಾ ಇದ್ದರೆ ಇಪ್ಪತ್ಮೂರು ಗ್ರಾಂ ಪ್ಲಾಸ್ಟಿಕ್, ತಿಕೋಟಾದ ಒಡಕು ದ್ರಾಕ್ಷಿ ತಿಂದು ಮಾಡಿದ್ದು.

ಶುಕ್ರವಾರ ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಅದು ಮೇಡಂ ಅವರ ಟೇಬಲ್ಲಿನ ಮೇಲಿತ್ತು. ಅವರು ಓದಿ, “ಫೆಬ್ರುವರಿ ಪಟ್ಟಿನೂ ಹಾಕು,” ಎಂದರು.

“ಅದು ತಪ್ಪೈತೆಲ್ರಿ.”

“ಅದಕ್ಕ ಹಾಕು ಅಂದೆ. ಮುಂದ ಯಾರರ ಮಣೂಕದ ಕಸಾ ತಗೊಂಡು ಕುಂತ್ರ ಅವರ ಒಂದು ತಿಂಗಳು ಉಳೀತೈತಿ. ವೈವಾಕ್ಕ ಜೂನಿನಾಗ ಬರೂದು. ಲೈಬ್ರರಿ ಪುಸ್ತಕ ಇದ್ರ ವಾಪಸ್ ಕೊಟ್ಟುಬಿಡು.”

ಹೊರಗೆ ಬಂದಾಗ ಕಾಕಾ ಕೇಳಿದರು, “ಎಷ್ಟು?” ಇಪ್ಪತ್ಮೂರು ಎಂದೆ. “ಇಪ್ಪತ್ನಾಲ್ಕು ಇದ್ದದ್ದು ಇಪ್ಪತ್ಮೂರಾತು, ಒಂದ ಕಮ್ಮಿ,” ಎಂದು ಅವರು ಜಾಡಿ ತೊಳೆಯಲು ಹೋದರು. ಅದು ಬೇರೆ ಲೆಕ್ಕ ಎಂದು ವಿವರಿಸಲು ನಾನು ಅವರ ಹಿಂದೆಯೇ ಸಿಂಕಿನವರೆಗೆ ಹೋದೆ. ಅವರಿಗೆ ಮೊದಲೇ ಗೊತ್ತಿತ್ತು, ನಗುತ್ತಿದ್ದರು.

ಭಾನುವಾರ ಬಟ್ಟಲಿನಲ್ಲಿ ಉಳಿದ ಪದರವನ್ನು ಹತ್ತಿಯಲ್ಲಿ ಸುತ್ತಿಕೊಂಡು ತಿಕೋಟಾಕ್ಕೆ ಹೋದೆ. ಅತ್ತೆ ಶೆಡ್ಡಿನ ಹೆಂಗಸರನ್ನೆಲ್ಲ ಕರೆದಳು. ಕೈ ತೊಳೆದುಕೊಂಡು ಬಂದು ಅದನ್ನು ಅಂಗೈ ಮೇಲಿಟ್ಟುಕೊಂಡಳು.

“ಇಷ್ಟಕ್ಕ ನಾಲ್ಕು ತಿಂಗಳಾ?”

“ಇಷ್ಟಕ್ಕ.”

“ಇದರಾಗ ಒಂದು ಮಣೂಕಾನೂ ಕಟ್ಟಾಕ ಬರೂದಿಲ್ಲಲ್ಲ ಬೇ.” ಹೇಳುತ್ತ ಬೆರಳಿನಿಂದ ಬಾಗಿಸಿದಳು. ಪಟ್ ಎಂದು ಎರಡಾಯಿತು. “ಯಪ್ಪಾ! ಮುರೀತು! ನಿನ್ನ ಪರೀಕ್ಷೆ?”

“ಏನೂ ಆಗಿಲ್ಲ ಅತ್ತಿ. ಇದು ಮುರಿಯೂದ ಹಂಗ. ಅಂಕಿ ಬುಕ್ಕಿನಾಗ ಐತಿ.”

ಕತ್ತರಿ ಹಿಡಿದ ಹೆಂಗಸೊಬ್ಬಳು ಕೇಳಿದಳು, “ಮುರಿಲಾರದಂಗ ಮಾಡಾಕ ಬರೂದಿಲ್ಲೇನ್ರಿ?”

ಬರುತ್ತದೆ, ಬೇರೆ ಬಗೆಯ ಆಹಾರ ಬೆರೆಸಿ ಉಣಿಸಿದರೆ ಸ್ವಲ್ಪ ಮೆತ್ತಗಿನದನ್ನು ಮಾಡುವ ಬ್ಯಾಕ್ಟೀರಿಯಾ ಇವೆ ಎಂದು ಹೇಳಿದೆ. ಹದಿನೇಳು ಅದನ್ನು ಮಾಡುತ್ತದೆಯೋ ಇಲ್ಲವೋ ಯಾರೂ ಇನ್ನೂ ನೋಡಿಲ್ಲ. ಅವಳು ತಲೆಯಾಡಿಸಿ, ತನ್ನ ಬುಟ್ಟಿಯನ್ನು ಟಬ್ಬಿನಿಂದ ಒಂದು ಮಾರು ದೂರಕ್ಕೆ ಎಳೆದುಕೊಂಡಳು, ಎಣ್ಣೆ ಸಿಡಿಯದಿರಲಿ ಎಂದು. ಅತ್ತೆ ಎರಡು ಚೂರನ್ನೂ ಹತ್ತಿಯ ಮೇಲೆ ಪಕ್ಕಪಕ್ಕಕ್ಕೆ ಇಟ್ಟು ನನಗೆ ಕೊಟ್ಟಳು. “ಒಡಕು ಕಾಳು ಎಮ್ಮಿಗೆ ಹಾಕೂದು ಬಿಟ್ಟೀನಿ. ನಿನಗ ದಿನಾ ಎಷ್ಟು ಕಿಲೋ ಬೇಕು, ಬರ್ದು ಕೊಡು,” ಎಂದಳು.

ನಾನು ನೋಟುಬುಕ್ಕು ತೆಗೆದೆ.